ಅತ್ತೆಯ ನಾಲಿಗೆ ಹೊತ್ತು ಸ್ಪೇನಿಗೆ

ನನ್ನ ಬಿಳಿ ಕುರ್ತಾದ ಎದೆಯ ಮೇಲೆ ಅಂಗೈಯಗಲದ ಒಂದು ಕಲೆ ಇದೆ. ನಿಂಬೆಹಣ್ಣು ತಿಕ್ಕಿದೆ, ಅಡುಗೆ ಸೋಡ ಹಾಕಿದೆ, ಪಕ್ಕದ ಮನೆಯವರು ಹೇಳಿದರೆಂದು ಮಜ್ಜಿಗೆಯಲ್ಲಿ ಒಂದು ದಿನ ನೆನೆಸಿಯೂ ಇಟ್ಟೆ. ಅದು ಜಗ್ಗಲಿಲ್ಲ. ಸ್ಪೇನಿಗೆ ಹೋದವರು ಬೀಸಣಿಗೆ ತರುತ್ತಾರಂತೆ, ಪಿಂಗಾಣಿ ತಟ್ಟೆ ತರುತ್ತಾರಂತೆ. ನಾನು ತಂದದ್ದು ಈ ಕಲೆ, ಒಂದು ಬಾಟಲಿ ಕೆಂಪು ವೈನು, ಮತ್ತು ಸುಮ್ಮನಿರಲಾರದ ಈ ಬಾಯಿ.

ಕುರಿಚಿ, ಹೊರಡುವ ಮುನ್ನ

ನನ್ನ ತವರು ಕೊಳ್ಳೇಗಾಲ. ಮದುವೆಯಾಗಿ ಸೇರಿದ್ದು ಧಾರಾಪುರಂ ಪಕ್ಕದ ಒಂದು ತೋಟದ ಮನೆ. ಅವರೂ ಕನ್ನಡದವರೇ, ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಲು ಬರುವುದು ಆ ಮನೆಯಲ್ಲಿ ನನ್ನೊಬ್ಬಳಿಗೆ ಮಾತ್ರ. ಹಾಗಾಗಿ ಇಲ್ಲಿ ಯಾರ ಬಗ್ಗೆ ಏನು ಬರೆದರೂ, ನಾನೇ ಓದಿ ಹೇಳುವ ತನಕ ನಾನು ಕ್ಷೇಮ.

ಈಗ ನಾನೂ ನನ್ನವರೂ ಇರುವುದು ಕೊಯಮತ್ತೂರಿನ ಕುರಿಚಿಯಲ್ಲಿ. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಪಂಪು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಸ್ಟಿಂಗ್ ಕೆಲಸ ನನ್ನದು. ಪಂಪು ಗೇಟು ದಾಟುವ ಮೊದಲು ಅದರಿಂದ ನೀರೆತ್ತಿಸಿ, ಸೋರುತ್ತದೆಯೇ, ಕಾಯುತ್ತದೆಯೇ, ಗೊರಗುಟ್ಟುತ್ತದೆಯೇ ನೋಡಿ ಸಹಿ ಹಾಕುವವಳು ನಾನು.

ಎರಡು ವರ್ಷದಿಂದ ಕೆಲಸ ಇಳಿಮುಖವಾಗಿತ್ತು. ಮೋಟಾರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಸೆಕ್ಷನ್ನಿನಲ್ಲಿ ಆರು ಜನ ಹೆಂಗಸರಿದ್ದಾರೆ. ಆರೂ ಜನರಿಗೆ ಕೆಲಸ ಕಲಿಸಿದವಳು ನಾನೇ. ದೀಪಾವಳಿಯ ಹೊತ್ತಿಗೆ ಆ ಸೆಕ್ಷನ್ನನ್ನು ಮುಚ್ಚಿ, ಸುತ್ತಿದ ಮೋಟಾರನ್ನು ಹೊರಗಿನಿಂದ ತರಿಸುವುದೆಂದು ನಮ್ಮ ಮೊದಲಾಳಿ, ಅಂದರೆ ಮಾಲೀಕರು, ವೆಳ್ಳಿಂಗಿರಿಯವರು ತೀರ್ಮಾನಿಸಿದ್ದರು. ಅಷ್ಟರಲ್ಲಿ ಸ್ಪೇನಿನ ಒಂದು ಹಳ್ಳಿಯ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘದಿಂದ ವಿಚಾರಣೆ ಬಂತು. ವೈನನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಲು ಅವರಿಗೆ ಸ್ಟೀಲಿನ ಪಂಪು ಬೇಕು. ಮೊದಲು ಒಂದು ಮಾದರಿ ಕಳಿಸಿ, ಒಪ್ಪಿಗೆಯಾದರೆ ಹದಿನಾಲ್ಕು ಕೊಳ್ಳುತ್ತೇವೆ ಎಂದರು. ಮಾದರಿ ಹಡಗು ಹತ್ತಿತು. ಹಿಂದೆಯೇ ಪರೀಕ್ಷೆಗೆ ಹೋಗಬೇಕಾಗಿದ್ದ ಮೊದಲಾಳಿಗೆ ಮಂಡಿಯ ಆಪರೇಷನ್ ಆಯಿತು.

"ನೀವೇ ಹೋಗಿಬನ್ನಿ ಅಕ್ಕಾ," ಎಂದರು ಅವರು, ನಮ್ಮ ಮನೆಯವರಂತೆಯೇ ತಮಿಳು ಬೆರೆತ ಕನ್ನಡದಲ್ಲಿ, ಕಾಲು ಚಾಚಿಕೊಂಡು ಮಲಗಿದಲ್ಲಿಂದಲೇ. "ನನಗೆ ಪಂಪು ಮಾರಕ್ಕೆ ತೆರಿಯುತ್ತೆ, ಅಷ್ಟೇ. ಅದರ ಸುಖದುಃಖ ನಿಮಗೇ ತಾನೆ ತೆರಿಯೋದು? ಇದು ಪಾಸಾದ್ರೆ ವೈಂಡಿಂಗ್ ಮುಚ್ಚಲ್ಲ. ಇದು ನನ್ನ ಮಾತು."

ಅತ್ತೆಗೆ ಹೇಳಿಬರಲು ಧಾರಾಪುರಂಗೆ ಹೋದೆ. ಇಲ್ಲಿ ನನ್ನ ಅತ್ತೆ ನಂಜಮ್ಮನವರ ನಾಲಿಗೆಯ ಬಗ್ಗೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಜಗಳದ ನಾಲಿಗೆ ಅಂದುಕೊಳ್ಳಬೇಡಿ, ಅದೂ ಇದೆ, ಆದರೆ ಇದು ಬೇರೆ. ಆ ಸೀಮೆಯಲ್ಲಿ ಯಾರು ಬೋರು ಕೊರೆಸಿದರೂ ಮೊದಲ ದಿನದ ಕೆಸರು ಹೋಗಿ ತಿಳಿನೀರು ಬಂದ ಮೇಲೆ ಒಂದು ಚೊಂಬು ಹಿಡಿದು ಅತ್ತೆಯ ಹತ್ತಿರ ಬರುತ್ತಾರೆ. ಅವರು ಚೊಂಬನ್ನು ತುಟಿಗೆ ತಾಗಿಸದೆ ಮೇಲೆತ್ತಿ ಬಾಯಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ಕೆನ್ನೆಯೊಳಗೆ ಒಂದು ಸುತ್ತು ತಿರುಗಿಸುತ್ತಾರೆ. ನುಂಗಿದರೆ ಕುಡಿಯುವ ನೀರು. ಉಗಿದರೆ ಉಪ್ಪುನೀರು, ಅದು ತೆಂಗಿಗೆ, ದನಕ್ಕೆ. ಮಾತೇ ಬೇಕಿಲ್ಲ.

ಒಮ್ಮೆ ಅವರ ಸ್ವಂತ ತಮ್ಮನೇ ಬೋರು ಕೊರೆಸಿದ. ಆ ನೀರು ನೋಡಿಯೇ ಅವನ ಮಗಳ ಮಾವನ ಮನೆಯವರು ಅವನೊಂದಿಗೆ ಪಾಲಿಗೆ ತೋಟ ಮಾಡಲು ಒಪ್ಪುವವರಿದ್ದರು. ಎಲ್ಲರೂ ಕರ್ಪೂರ ಹಚ್ಚಿಕೊಂಡು ಸುತ್ತ ನಿಂತಿದ್ದರು. ಅತ್ತೆ ಬಾಯಿಗೆ ಹಾಕಿಕೊಂಡರು, ತಮ್ಮನ ಮುಖ ನೋಡಿದರು, ಉಗಿದರು. ತಮ್ಮ ಒಂದು ವರ್ಷ ಮಾತು ಬಿಟ್ಟ. ಆ ಚೊಂಬನ್ನು ಅತ್ತೆ ಇದುವರೆಗೆ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಸೊಸೆಯಾದ ನನಗಂತೂ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಇಲ್ಲ.

"ಅಮ್ಮಣಿ," ಎಂದರು ಅತ್ತೆ, ನಾನು ಹೋಗುವುದು ವೈನಿನ ಊರಿಗೆ ಎಂದು ಕೇಳಿ. "ಅಲ್ಲಿ ಏನ್ ಕೊಟ್ರೂ ನುಂಗಿಬಿಡಬೇಡ. ಬಾಯಿಗೆ ಹಾಕು, ಪಾರು, ಉಗಿ. ಅಪ್ಪುರ ಇನ್ನೊಂದು. ಯಾರ ಎಂಜಲು ಲೋಟಕ್ಕೂ ವಾಯಿ ವೈಕ್ಕಬೇಡ. ಎತ್ತಿ ಕುಡಿ." ಅವರ ಕನ್ನಡದಲ್ಲಿ ಅರ್ಧ ತಮಿಳು: ಪಾರು ಎಂದರೆ ನೋಡು, ಅಪ್ಪುರ ಎಂದರೆ ಆಮೇಲೆ, ವಾಯಿ ಎಂದರೆ ಬಾಯಿ.

ವಿಮಾನ ನಿಲ್ದಾಣ

ಕೈಚೀಲದಲ್ಲಿ ನಾನು ಇಟ್ಟುಕೊಂಡಿದ್ದು ಅನ್ನಕ್ಕೆ ಕಲಸುವ ಬೇಳೆಪುಡಿ, ನಮ್ಮ ಪರುಪ್ಪು ಪುಡಿಯ ಡಬ್ಬಿ, ಒಂದು ಶಾಲು, ಮತ್ತು ನನ್ನ ಇಪ್ಪತ್ತೆರಡು ವರ್ಷದ ಸಂಗಾತಿಯಾದ ಸ್ಪ್ಯಾನರು. ಪುಡಿಯನ್ನು ಬಿಟ್ಟರು, ಸ್ಪ್ಯಾನರನ್ನು ಹಿಡಿದರು.

"ಇದ್ಯಾಕಕ್ಕಾ ಹ್ಯಾಂಡ್‌ಬ್ಯಾಗಲ್ಲಿ?" ಎಂದಳು ತಪಾಸಣೆಯ ಹುಡುಗಿ ತಮಿಳಿನಲ್ಲಿ.

ಬೇರೆ ಹೆಂಗಸರು ಬಾಚಣಿಗೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ, ಎಂದೆ. ಅವಳು ನಕ್ಕಳು. ನಕ್ಕುಕೊಂಡೇ ಅದನ್ನು ಪಕ್ಕದ ಡಬ್ಬಕ್ಕೆ ಹಾಕಿದಳು. ಅದು ಡಬ್ಬದ ತಳ ಮುಟ್ಟಿದ ಸದ್ದು ಮ್ಯಾಡ್ರಿಡ್ ತಲುಪುವವರೆಗೂ ನನ್ನ ಕಿವಿಯಲ್ಲಿತ್ತು.

ಧಾರಾಪುರಂನಿಂದ ಧಾರಾಪುರಂಗೆ

ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಜರಗೋಜಾಗೆ ಹೋಗಿ ಇಳಿದರೆ ಇನೆಸ್ ಎಂಬ ಹುಡುಗಿ ನನ್ನ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದಳು. ಸಹಕಾರ ಸಂಘದ ಆಫೀಸು ನೋಡಿಕೊಳ್ಳುವವಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ನನಗೂ ಪಂಪಿಗೆ ಸಾಕಾಗುವಷ್ಟು ಬರುತ್ತದೆ. ಇನ್ನು ಮುಂದೆ ಸ್ಪೇನಿನವರ ಮಾತೆಲ್ಲ ಅವಳ ಬಾಯಿಂದ ಬಂದು ನನ್ನ ಕನ್ನಡದಲ್ಲಿ ಇಳಿದದ್ದು ಎಂದು ತಿಳಿದುಕೊಳ್ಳಿ.

ಅವಳ ಕಾರು ಪಟ್ಟಣ ದಾಟಿದ್ದೇ ತಡ, ನಾನು ಕಿಟಕಿಗೆ ಮೂಗು ಒತ್ತಿದೆ. ಕೆಂಪು ಮಣ್ಣು, ಕಲ್ಲು, ಮೊಣಕಾಲೆತ್ತರದ ಗಿಡ, ಒಣಗಿದ ಹಳ್ಳ. ದಿಬ್ಬದ ಮೇಲೆ ಸಾಲುಸಾಲು ಗಾಳಿಯಂತ್ರ. ಇಳಿದರೆ ಆಷಾಢದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿಬಂದು ನಮ್ಮ ಕಡೆ ಸೀರೆ ಸೆರಗು ಕಿತ್ತುಕೊಂಡು ಹೋಗುತ್ತದಲ್ಲ, ಅದೇ ಗಾಳಿ. ಇಷ್ಟು ದೂರ ಹಾರಿ ಬಂದು ಮತ್ತೆ ಧಾರಾಪುರಂಗೇ ಇಳಿದೆನಲ್ಲ ಎನ್ನಿಸಿತು. ತೆಂಗಿನ ಮರವೊಂದು ಇರಲಿಲ್ಲ, ಅಷ್ಟೇ. ಯಾಕೋ ಧೈರ್ಯ ಬಂತು.

ಸಂಘದ ಕಟ್ಟಡದ ಪಕ್ಕದಲ್ಲಿ ಗೋಡೆಗೆ ನಾಲ್ಕು ನಲ್ಲಿಗಳಿದ್ದವು. ಊರಿನ ಮುದುಕರು, ಹೆಂಗಸರು ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಹಿಡಿದು ಸಾಲು ನಿಂತಿದ್ದರು. ತಿರುಪ್ಪೂರಿನ ಕಡೆ ಕುಡಿಯುವ ನೀರು ಬಿಟ್ಟಾಗ ನಿಲ್ಲುವ ಸಾಲು ನೆನಪಾಗಿ, "ಇಲ್ಲೂ ನೀರಿಗೆ ಕಷ್ಟವೇ?" ಎಂದು ಕೇಳಿದೆ.

"ನೀರಲ್ಲ, ವೈನು," ಎಂದಳು ಇನೆಸ್. "ನಮ್ಮ ಊರಿನ ಗಾರ್ನಾಚಾ ದ್ರಾಕ್ಷಿಯದು. ದಿನಾ ಊಟಕ್ಕೆ. ಇಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ."

ಒಬ್ಬ ಅಜ್ಜ ಕ್ಯಾನು ತುಂಬಿಕೊಂಡು, ಮುಚ್ಚಳ ಬಿಗಿ ಮಾಡಿ, ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ ಹೋದ. ಪ್ರತಿಯೊಬ್ಬರೂ ಹಾಗೇ ನೋಡುತ್ತಿದ್ದರು. ಕಡಿಮೆ ಬೆಲೆಯದು ಎಂದು ಯಾರೂ ಕಣ್ಣು ಮುಚ್ಚಿ ಒಯ್ಯುತ್ತಿರಲಿಲ್ಲ.

ಪಿಲಾರ್ ಅವರ ಕೋಣೆ

ಪಂಪಿಗೆ ಒಪ್ಪಿಗೆ ಕೊಡಬೇಕಾದವರು ಇನೆಸಳ ಸೋದರತ್ತೆ ಪಿಲಾರ್. ಎಪ್ಪತ್ತರ ಸಮೀಪದ, ಕಡ್ಡಿಯಂತಹ ಹೆಂಗಸು. ನಲವತ್ತು ವರ್ಷದಿಂದ ಆ ಸಂಘದ ವೈನಿನ ರುಚಿ ನೋಡುತ್ತಿರುವವರು. ಅವರು ಸರಿ ಎನ್ನದೆ ಯಾವ ಟ್ಯಾಂಕೂ ಬಾಟಲಿಗೆ ಇಳಿಯುವುದಿಲ್ಲ, ನಲ್ಲಿಗೂ ಬರುವುದಿಲ್ಲ. ಕಂಡ ಕೂಡಲೇ ಇವರು ಯಾರ ಥರ ಎಂದು ನನಗೆ ಹೊಳೆಯಿತು. ಸೀರೆ ಉಡಿಸಿ ತೋಟದಲ್ಲಿ ನಿಲ್ಲಿಸಿದ್ದರೆ ನನ್ನ ಮೈದುನ ಚೊಂಬು ತಂದು ಕೊಡುತ್ತಿದ್ದ.

ನಮ್ಮ ಪಂಪನ್ನು ಹಿಂದಿನ ದಿನವೇ ಒಂದು ಸಣ್ಣ ಟ್ಯಾಂಕಿಗೆ ಜೋಡಿಸಿ ಎರಡು ಗಂಟೆ ಓಡಿಸಿದ್ದರು. ಆಮೇಲೆ ವೈನನ್ನು ಬೆಳಗಿನವರೆಗೆ ಪಂಪಿನ ಹೊಟ್ಟೆಯಲ್ಲೇ ನಿಲ್ಲಿಸಿದ್ದರು. ಸುಗ್ಗಿಯಲ್ಲಿ ಹಾಗೆ ನಿಲ್ಲುವುದುಂಟಂತೆ. ಆ ವೈನನ್ನು ಹೊರತೆಗೆದ ಮೇಲೆ ನಾನು ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಮೈಮುಟ್ಟಿ ನೋಡಿದೆ. ಸೋರಿಕೆಯಿಲ್ಲ, ಬಿಸಿಯಿಲ್ಲ, ಸದ್ದೂ ಹದವಾಗಿತ್ತು. ಸೆಲ್ವಿಯ ಕೈಯ ವೈಂಡಿಂಗ್ ಅದು. ಆರು ಜನರಲ್ಲಿ ಅತ್ಯಂತ ನಾಜೂಕಿನ ಕೈ. ಗೆದ್ದೆವು ಎಂದುಕೊಂಡೆ.

ರುಚಿ ನೋಡುವ ಕೋಣೆ ಶಾಲೆಯ ಪ್ರಯೋಗಾಲಯದ ಹಾಗಿತ್ತು. ಬಿಳಿ ಮೇಜು, ಬಿಳಿ ಗೋಡೆ, ಪ್ರತಿ ಕುರ್ಚಿಯ ಪಕ್ಕ ಒಂದು ಸ್ಟೀಲಿನ ಬಕೆಟ್ಟು. ಪಿಲಾರ್ ಮೊದಲು ಮಾಮೂಲಿ ವೈನನ್ನು, ನಮ್ಮ ಪಂಪು ಮುಟ್ಟದ್ದನ್ನು, ಎಲ್ಲರಿಗೂ ಸ್ವಲ್ಪ ಸುರಿದರು. ತಾವೂ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕೆನ್ನೆಯೊಳಗೆ ಒಂದು ಸುತ್ತು ತಿರುಗಿಸಿ, ಬಕೆಟ್ಟಿಗೆ ಉಗಿದರು.

ನಲವತ್ತು ವರ್ಷ ರುಚಿ ನೋಡಿದವರು ತಮ್ಮದೇ ವೈನನ್ನು ಉಗಿದುಬಿಟ್ಟರಲ್ಲ! ಟ್ಯಾಂಕು ಇಡೀ ಕೆಟ್ಟಿದೆ, ಅದಕ್ಕೂ ನಮ್ಮ ಪಂಪೇ ಕಾರಣವೆನ್ನುತ್ತಾರೆ ಎಂದುಕೊಂಡು, "ಏನಾಯ್ತು? ಕೆಟ್ಟಿದೆಯಾ?" ಎಂದು ಇನೆಸಳ ತೋಳು ಹಿಡಿದೆ.

ಅವಳಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಉಗಿದರೆ ನೀರು ತೆಂಗಿಗೆ ಎಂದು ವಿವರಿಸಿದೆ. ಅವಳು ಅದನ್ನು ಪಿಲಾರ್‌ಗೆ ಹೇಳಿದಳು. ಪಿಲಾರ್ ಮೇಜು ತಟ್ಟಿ ನಕ್ಕು, ಕೆಮ್ಮಿ, ಮತ್ತೆ ನಕ್ಕರು.

"ಇಲ್ಲಿ ಒಳ್ಳೆಯದನ್ನೂ ಉಗೀತೀವಿ. ಇಲ್ಲದಿದ್ರೆ ಹನ್ನೊಂದು ಗಂಟೆಗೆ ನಮ್ಮನ್ನ ಹೊತ್ತುಕೊಂಡು ಹೋಗ್ಬೇಕು," ಎಂದರು.

ಅತ್ತೆಯ ಮಾತು ಮೀರದೆಯೇ ವೈನಿನ ರುಚಿ ನೋಡಬಹುದು ಎಂದಾಯಿತು. ಆ ಸಮಾಧಾನದಲ್ಲಿ ನಾನು ಗಾಜಿನ ಲೋಟವನ್ನು ಹಿಡಿದು, ಹುಟ್ಟಿದಾಗಿನಿಂದ ಕಲಿತ ಹಾಗೆ, ತುಟಿಗೆ ತಾಗಿಸದೆ ಮೇಲೆತ್ತಿ ಬಗ್ಗಿಸಿದೆ. ಚೊಂಬಿಗೆ ಕಂಠವಿದೆ, ತುಟಿಯಿದೆ. ನೀರು ಸಣ್ಣ ಧಾರೆಯಾಗಿ ಹೇಳಿದ ಜಾಗಕ್ಕೆ ಬೀಳುತ್ತದೆ. ಆ ಲೋಟಕ್ಕೆ ಅಂಥ ಶಿಸ್ತು ಇರಲಿಲ್ಲ. ವೈನು ಒಂದೇ ಏಟಿಗೆ ಹೊರಟು ಗಲ್ಲಕ್ಕೆ, ಕುತ್ತಿಗೆಗೆ, ಬಿಳಿ ಕುರ್ತಾಕ್ಕೆ ಬಿತ್ತು.

ಪಿಲಾರ್ ಎದ್ದುಬಂದು, ಏನೂ ಆಗಿಲ್ಲವೆಂಬಂತೆ ನನಗೆ ಒಂದು ನೀಲಿ ಏಪ್ರನ್ ಕಟ್ಟಿದರು. ನನಗೆ ಅಳು ಬರುವಷ್ಟು ನಾಚಿಕೆಯಾಗಿತ್ತು. ಎರಡನೆಯ ಸಲ ಎಲ್ಲರಂತೆ ತುಟಿಗಿಟ್ಟುಕೊಂಡೆ. ಲೋಟ ನನ್ನೊಬ್ಬಳದೇ ತಾನೇ, ಅತ್ತೆ ಕ್ಷಮಿಸಲಿ.

"ಹೇಗಿದೆ?" ಎಂದರು ಪಿಲಾರ್. ಕಣ್ಣಲ್ಲಿ ತಮಾಷೆಯಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು.

ಆ ಭಾಷೆ ನನಗೆ ಗೊತ್ತಿಲ್ಲ, ಹಾಗಾಗಿ ನಮ್ಮ ಭಾಷೆಯಲ್ಲೇ ಹೇಳಿದೆ. ಮೊದಲು ಉಪ್ಪು ಹಾಕಿದ ನೇರಳೆ ಹಣ್ಣು. ನಡುವೆ ಒಂದು ಚಿಟಿಕೆ ಕಾಳುಮೆಣಸು. ಕೊನೆಗೆ ನೆಲ್ಲಿಕಾಯಿ ತಿಂದ ಹಾಗೆ ನಾಲಿಗೆ ಹಿಡಿಯುವ ಒಗರು. ಬಾಯಲ್ಲಿ ಬಹಳ ಹೊತ್ತು ಕೂರುವುದಿಲ್ಲ, ಬಂದ ಕೆಲಸ ಮುಗಿಸಿ ಎದ್ದುಹೋಗುತ್ತದೆ. "ನಮ್ಮ ಮನೆ ಸಾರಿನ ಹಾಗೆ," ಎಂದೆ. "ದಿನಾ ಮಾಡ್ತೀವಿ, ಯಾರೂ ಹೊಗಳೋದಿಲ್ಲ. ಆದ್ರೆ ಒಂದು ದಿನ ಕೆಟ್ರೆ ಮನೆಮಂದಿಗೆಲ್ಲ ಗೊತ್ತಾಗುತ್ತೆ."

ಇನೆಸ್ ಇದನ್ನು ಹೇಳಿ ಮುಗಿಸುವ ತನಕ ಪಿಲಾರ್ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ದುಬಾರಿ ವೈನು ಚೆನ್ನಾಗಿಲ್ಲ ಅಂದ್ರೆ ಜನ ತಮ್ಮ ನಾಲಿಗೇನೇ ಬೈಕೊಳ್ತಾರೆ. ಅಗ್ಗದ್ದು ಚೆನ್ನಾಗಿಲ್ಲ ಅಂದ್ರೆ ನನ್ನ ಬೈತಾರೆ."

ಮೂರು ಲೋಟ

ಪರೀಕ್ಷೆ ಸರಳವಾಗಿತ್ತು. ಪ್ರತಿಯೊಬ್ಬರ ಮುಂದೆ ಮೂರು ಲೋಟ, ಒಂದು ಎರಡು ಮೂರು ಎಂದು ಗುರುತು ಹಾಕಿದ್ದು. ಎರಡರಲ್ಲಿ ಮಾಮೂಲಿ ವೈನು, ಒಂದರಲ್ಲಿ ನಮ್ಮ ಪಂಪಿನಲ್ಲಿ ನಿಂತ ವೈನು. ಬೇರೆಯದು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಯಾರಿಗೂ ಗೊತ್ತಾಗದಿದ್ದರೆ ಪಂಪು ಪಾಸು.

ತೊಂದರೆ ಏನೆಂದರೆ ಪಿಲಾರ್ ಅವರಿಗೆ ನೆಗಡಿ. ಮೂಗು ಕಟ್ಟಿದವರಿಗೆ ವೈನೂ ಒಂದೇ ಕಷಾಯವೂ ಒಂದೇ. ಹಾಗಾಗಿ ಅವರು, ಇನೆಸ್, ಇಬ್ಬರು ಬೆಳೆಗಾರರು, ಇವರ ಜೊತೆ ನನ್ನನ್ನೂ ಕೂರಿಸಿದರು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಗಲಿಲ್ಲವೇ ಎಂದು ನಾನೇ ಕೇಳಿದೆ. "ಯಾವತ್ತೂ ಕುಡಿಯದ ನಾಲಿಗೆ ನಮ್ಮಲ್ಲಿ ಇನ್ಯಾರಿಗೂ ಇಲ್ಲ, ಕೂತ್ಕೊಳ್ಳಿ," ಎಂದರು ಪಿಲಾರ್.

ಮೊದಲ ಲೋಟ. ನೇರಳೆ, ಮೆಣಸು, ಒಗರು. ಉಗಿದೆ.

ಎರಡನೆಯದು. ನೇರಳೆ ಬಂತು, ಮೆಣಸು ಬಂತು. ಅದರ ಹಿಂದೆ, ಬಾಗಿಲ ಮರೆಯಲ್ಲಿ ನಿಂತವರ ಹಾಗೆ, ಇನ್ನೇನೋ ಇತ್ತು. ಹೊಸ ಹೋಸ್ ಪೈಪು ತಂದು ಬಿಸಿಲಲ್ಲಿ ಬಿಟ್ಟು, ಅದರಿಂದ ಮೊದಲ ಗುಟುಕು ನೀರು ಕುಡಿದು ನೋಡಿದ್ದೀರಾ? ಅದು. ರಬ್ಬರು.

ಆ ರಬ್ಬರು ಎಲ್ಲಿಯದೆಂದು ಜಗತ್ತಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪಂಪಿನ ಎರಡು ಭಾಗದ ನಡುವೆ ಬಳೆಯಂತಹ ಒಂದು ರಬ್ಬರ್ ಗ್ಯಾಸ್ಕೆಟ್ ಕೂರುತ್ತದೆ. ಈ ಪಂಪಿಗೆಂದೇ ಆಹಾರಕ್ಕೆ ಒಗ್ಗುವ ಬಿಳಿ ಗ್ಯಾಸ್ಕೆಟ್ ತರಿಸಿದ್ದೆವು. ಪ್ಯಾಕಿಂಗಿನ ಬೆಳಗ್ಗೆ, ಲಾರಿ ಹಾರ್ನು ಹೊಡೆಯುತ್ತಿದ್ದಾಗ, ಬಿಗಿ ಮಾಡುವಾಗ ಅದು ಅಂಚಿನಲ್ಲಿ ಸಿಕ್ಕಿ ಹರಿಯಿತು. ಬದಲಿ ಸೆಟ್ಟು ಆಗಲೇ ಮೊಳೆ ಹೊಡೆದ ಪೆಟ್ಟಿಗೆಯೊಳಗೆ ಹೋಗಿಬಿಟ್ಟಿತ್ತು. ನಾನು ಪಕ್ಕದ ರ‍್ಯಾಕಿನಿಂದ ನಮ್ಮ ಮಾಮೂಲಿ ಕಪ್ಪು ಗ್ಯಾಸ್ಕೆಟ್ ತೆಗೆದು ಹಾಕಿ, ನೀರೆತ್ತಿಸಿ, ಆ ನೀರನ್ನು ಕುಡಿದೂ ನೋಡಿ ಸಹಿ ಮಾಡಿದೆ. ನೀರಿಗೆ ಸರಿಹೋದದ್ದು ಇನ್ಯಾವುದಕ್ಕೆ ಸರಿಹೋಗದು? ನಮ್ಮ ಸೀಮೆಯವರಿಗೆ ನೀರಿಗಿಂತ ದೊಡ್ಡದು ಇನ್ನೇನಿದೆ? ಸಿರುವಾಣಿ ಬೆಟ್ಟದ ಸಿಹಿನೀರು ಕುಡಿದು ಬೀಗುವ ಕೊಯಮತ್ತೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ನೀರು ಸುಮ್ಮನೆ ಹಾದುಹೋಗಿತ್ತು. ವೈನು ಬೆಳಗಿನವರೆಗೆ ಅಲ್ಲೇ ನಿಂತು ರಬ್ಬರಿನ ಕಥೆಯನ್ನೆಲ್ಲ ಹೀರಿಕೊಂಡಿತ್ತು.

ಮೂರನೆಯ ಲೋಟ ಮೊದಲನೆಯದರಂತೆಯೇ ಇತ್ತು. ಚೀಟಿಯಲ್ಲಿ ಎರಡು ಎಂದು ಬರೆದೆ. ಬರೆದ ಮೇಲೆ ಅದನ್ನು ಮಡಚಿ ಅಂಗೈಯಲ್ಲಿ ಮುಚ್ಚಿಕೊಂಡೆ.

ಇನೆಸ್ ಚೀಟಿಗಳನ್ನು ಬಿಡಿಸಿದಳು. ಒಬ್ಬ ಬೆಳೆಗಾರ ಒಂದು ಎಂದಿದ್ದ, ಇನ್ನೊಬ್ಬ ಮೂರು. ಇನೆಸ್ ಒಂದು. ಪಿಲಾರ್ ಚೀಟಿಯಲ್ಲಿ ಏನೂ ಬರೆದಿರಲಿಲ್ಲ. ಸರಿಯಾದದ್ದು ಎರಡು.

"ಯಾರಿಗೂ ಗೊತ್ತಾಗ್ಲಿಲ್ಲ. ಪಂಪು ಪಾಸು," ಎಂದು ಒಬ್ಬ ಬೆಳೆಗಾರ ಎದ್ದ. ನನ್ನ ಮುಚ್ಚಿದ ಕೈ ನೋಡಿ, "ಅವರು ಅತಿಥಿ, ಅವರ ಚೀಟಿ ಬೇಕಿಲ್ಲ," ಎಂದೂ ಸೇರಿಸಿದ. ಒಳ್ಳೆಯ ಮನುಷ್ಯ. ನನಗೆ ಬಾಗಿಲು ತೆರೆದು ಹಿಡಿದ ಹಾಗಿತ್ತು.

ಸುಮ್ಮನಿದ್ದುಬಿಡು ಎಂದು ಒಂದು ಮನಸ್ಸು ಹೇಳಿತು, ಸುಳ್ಳೇಕೆ ಹೇಳಲಿ. ಹದಿನಾಲ್ಕು ಪಂಪು ಕಣ್ಣಮುಂದೆ ಬಂದವು, ಸೆಲ್ವಿ ಬಂದಳು, ಉಳಿದ ಐವರೂ ಬಂದರು. ಬಿಳಿ ಗ್ಯಾಸ್ಕೆಟ್ ಆಮೇಲೆ ಗುಟ್ಟಾಗಿ ಹಾಕಿಸಿದರಾಯಿತಲ್ಲ? ಆದರೆ ಆ ಕ್ಯಾನು ಹಿಡಿದ ಅಜ್ಜನೂ ಬಂದ. ನಾಳೆ ಅವನು ಊಟಕ್ಕೆ ಕೂತು ಒಂದು ಗುಟುಕು ಕುಡಿದು ಮುಖ ಕಿವುಚಿದರೆ ಬೈಸಿಕೊಳ್ಳುವವರು ಪಿಲಾರ್. ಎಲ್ಲಕ್ಕಿಂತ ಮೇಲೆ, ತಮ್ಮನ ಮುಖ ನೋಡಿಕೊಂಡೇ ಉಗಿದವರ ಮನೆಯ ಸೊಸೆ ನಾನು.

ಕೈ ತೆರೆದೆ. "ಎರಡು," ಎಂದೆ. "ರಬ್ಬರ್ ವಾಸನೆ. ತಪ್ಪು ನನ್ನದೇ. ನಾನೇ ಹಾಕಿದ್ದು."

ಫೋನಿನಲ್ಲಿ ಕುರಿಚಿ

ಮೊದಲಾಳಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿಕೊಂಡರು.

"ಯಾರೂ ಕಂಡುಹಿಡೀಲಿಲ್ಲ ಅಂತೀರಲ್ಲ?"

"ಇಲ್ಲಂಗ."

"ಪಾಸ್ ಅಂತಾನೂ ಹೇಳಿಬಿಟ್ರಲ್ಲ?"

"ಆಮಾಂಗ, ಹೇಳಿದ್ರು."

"ಅಪ್ಪುರ ಏನಕ್ಕಾ? ಶುಮ್ಮಾ ಇದ್ದಿದ್ರೆ ಏನಾಗ್ತಿತ್ತು? ಇಲ್ಲಿ ಆರು ಜನ ನಿಮ್ಮ ಫೋನಿಗೇ ಕಾಯ್ತಾ ಕೂತಿದಾರೆ, ತೆರಿಯುತ್ತಲ್ಲ?"

ಗೊತ್ತಿತ್ತು. ಅವರು ಕೊನೆಗೆ, "ಸರಿ, ಅಲ್ಲಿರೋ ಬಿಳಿ ಗ್ಯಾಸ್ಕೆಟ್ಟಾದ್ರೂ ನೆಟ್ಟಗೆ ಹಾಕಿ," ಎಂದು ಫೋನಿಟ್ಟರು. ನಾನು ಸಂಘದ ಮೆಟ್ಟಿಲ ಮೇಲೆ ಕೂತು, ಪರುಪ್ಪು ಪುಡಿಯನ್ನು ಬ್ರೆಡ್ಡಿಗೆ ಉದುರಿಸಿಕೊಂಡು ತಿಂದೆ. ಅಷ್ಟು ರುಚಿಯಿಲ್ಲದ ಊಟವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಟ್ರ್ಯಾಕ್ಟರಿನ ಸ್ಪ್ಯಾನರು

ನಮ್ಮ ಪೆಟ್ಟಿಗೆಯ ತಳದಲ್ಲಿ ಬದಲಿ ಸೆಟ್ಟು ಭದ್ರವಾಗಿತ್ತು. ಸ್ಪ್ಯಾನರು ಮಾತ್ರ ಕೊಯಮತ್ತೂರಿನ ಡಬ್ಬದಲ್ಲಿತ್ತು. ಪಾಸು ಎಂದಿದ್ದ ಅದೇ ಬೆಳೆಗಾರ ತನ್ನ ಟ್ರ್ಯಾಕ್ಟರಿನಿಂದ ಒಂದನ್ನು ತಂದುಕೊಟ್ಟ. ನಮ್ಮ ತೋಟದ ಟ್ರ್ಯಾಕ್ಟರಿನಲ್ಲಿರುವಂಥದೇ, ಅಷ್ಟೇ ತುಕ್ಕು. ನೀಲಿ ಏಪ್ರನ್ ಕಟ್ಟಿಕೊಂಡು ನೆಲದ ಮೇಲೆ ಕೂತು ಪಂಪು ಬಿಚ್ಚಿದೆ. ಕಪ್ಪು ಗ್ಯಾಸ್ಕೆಟ್ ತೆಗೆದು ಪಿಲಾರ್ ಕೈಗೆ ಕೊಟ್ಟೆ. ಅವರು ಅದನ್ನು ಮೂಗಿಗೆ ಹಿಡಿದು, ಏನೂ ತಿಳಿಯದೆ, ತಮ್ಮ ನೆಗಡಿಯನ್ನು ಬೈದರು. ಬಿಳಿಯದನ್ನು ಕೂರಿಸಿ, ಈ ಸಲ ಅವಸರವಿಲ್ಲದೆ, ಒಂದೊಂದೇ ಬೋಲ್ಟನ್ನು ಎದುರುಬದುರಾಗಿ ಬಿಗಿ ಮಾಡಿದೆ. ಬಿಸಿನೀರಿನಿಂದ ತೊಳೆದು, ಹೊಸ ವೈನು ತುಂಬಿ, ಎರಡು ಗಂಟೆ ಓಡಿಸಿ ನಿಲ್ಲಿಸಿದೆವು.

ಮಾರನೆಯ ಬೆಳಗ್ಗೆ ಮತ್ತೆ ಮೂರು ಲೋಟ, ಈ ಸಲ ಪಿಲಾರ್ ಅವರಿಗೂ ನನಗೂ ಮಾತ್ರ. ಪಿಲಾರ್ ಮೂಗು ಅರ್ಧ ತೆರೆದಿತ್ತು. ಅವರು ಮೂರನ್ನೂ ಎರಡೆರಡು ಸಲ ನೋಡಿದರು. ನಾನು ನಾಲ್ಕು ಸಲ ನೋಡಿದೆ. ರಬ್ಬರನ್ನು ಹುಡುಕಿ ಹುಡುಕಿ ನಾಲಿಗೆ ಸೋತಿತು. ಎಲ್ಲದರಲ್ಲೂ ನೇರಳೆ, ಮೆಣಸು, ಒಗರು, ಅಷ್ಟೇ. ಕೊನೆಗೆ ಸುಮ್ಮನೆ ಒಂದು ಎಂದು ಬರೆದೆ. ಪಿಲಾರ್ ಎರಡು ಎಂದು ಬರೆದಿದ್ದರು. ಸರಿಯಾದದ್ದು ಮೂರು. ಇಬ್ಬರೂ ಸೋತೆವು. ಸೋತದ್ದಕ್ಕೆ ಅಷ್ಟು ಖುಷಿಪಟ್ಟ ಎರಡು ಹೆಂಗಸರನ್ನು ಆ ಕೋಣೆ ನೋಡಿರಲಿಕ್ಕಿಲ್ಲ.

ಊಟದ ಮೇಜು

ಸಂಘದವರು ಒಳಗೆ ಸಭೆ ಸೇರಿ, ಊಟದ ಹೊತ್ತಿಗೆ ಹೊರಗೆ ಬಂದರು. ಹದಿನಾಲ್ಕಲ್ಲ, ಆರು. ಈ ಸುಗ್ಗಿಗೆ ಆರು, ಅವು ನೆಟ್ಟಗೆ ನಡೆದರೆ ಮುಂದಿನ ಸುಗ್ಗಿಗೆ ಉಳಿದದ್ದು. ನನ್ನ ಮುಖ ಇಳಿದದ್ದನ್ನು ಪಿಲಾರ್ ನೋಡಿದರು.

"ಆ ಗ್ಯಾಸ್ಕೆಟ್ ನೋಡಿ ಒಂದೂ ಬೇಡ ಅಂತಿದ್ರು ಇವರು. ನಿಮ್ಮ ಚೀಟಿ ನೋಡಿ ಆರು ಅಂದ್ರು," ಎಂದರು.

ಕುರಿಚಿಗೆ ಫೋನು ಮಾಡಿ ಮೊದಲಾಳಿಗೆ ಸುದ್ದಿ ಹೇಳಿದೆ. "ಆರು ಸಾಕು. ವೈಂಡಿಂಗ್ ಇರುತ್ತೆ," ಎಂದರು. ಹಿಂದಿನಿಂದ ಸೆಲ್ವಿಯ ಕೂಗು ಕೇಳಿಸಿತು. ನಾನು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡೆ.

ಮೇಜಿಗೆ ಬಂದರೆ ಒಂದು ವಿಚಿತ್ರ ಗಾಜಿನ ಪಾತ್ರೆ ಕೈಯಿಂದ ಕೈಗೆ ಹೋಗುತ್ತಿತ್ತು. ಗಿಂಡಿಯ ಹಾಗೆ ಉದ್ದ ಮೂತಿ. ಅದರ ಹೆಸರು ಪೊರೋನ್. ಒಂದೇ ಪಾತ್ರೆ, ಹನ್ನೆರಡು ಬಾಯಿ. ಆದರೆ ಯಾರೂ ತುಟಿ ತಾಗಿಸುತ್ತಿರಲಿಲ್ಲ! ಎಲ್ಲರೂ ಕತ್ತೆತ್ತಿ, ತೋಳು ಚಾಚಿ, ವೈನನ್ನು ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದರು. ಹೊರಗಿನಿಂದ ಬಂದವರು ಯಾರೂ ಮೈಮೇಲೆ ಚೆಲ್ಲಿಕೊಳ್ಳದೆ ಇದರಲ್ಲಿ ಕುಡಿದದ್ದಿಲ್ಲ ಎಂದಳು ಇನೆಸ್. ಹಿಂದಿನ ದಿನದ ನನ್ನ ಕುರ್ತಾದ ಕಲೆ ನೆನೆದು ಎಲ್ಲರೂ ಆಗಲೇ ನಗಲು ಸಿದ್ಧರಾಗಿದ್ದರು.

ನಾನು ಪಾತ್ರೆ ತೆಗೆದುಕೊಂಡೆ. ಕತ್ತೆತ್ತಿದೆ. ಮೊಳದುದ್ದ ಎತ್ತರದಿಂದ ಧಾರೆ ಬಿಟ್ಟೆ. ಒಂದು ಹನಿ ಆಚೆ ಬೀಳಲಿಲ್ಲ. ಮೇಜಿನ ಸುತ್ತ ಇದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಸ್ಪ್ಯಾನರು ಕೊಟ್ಟ ಬೆಳೆಗಾರ ತನ್ನ ಟೋಪಿ ತೆಗೆದ. ಧಾರಾಪುರಂನ ಯಾವ ಮಗುವಿಗಾದರೂ ಬರುವ ವಿದ್ಯೆ ಇದು ಎಂದು ಹೇಳಬೇಕೆಂದುಕೊಂಡೆ, ಬಾಯಿ ತುಂಬ ವೈನಿತ್ತು. ಪಕ್ಕದಲ್ಲಿ ಬಕೆಟ್ಟು ಇರಲಿಲ್ಲ.

ನುಂಗಿದೆ. ಇದನ್ನು ಅತ್ತೆಗೆ ಹೇಳಿದ್ದೇನೆ. ನನ್ನವರಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಧಾರಾಪುರಂ

ಬಂದ ಭಾನುವಾರ ಅತ್ತೆಯ ಮುಂದೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಲ್ಲೂ ಒಬ್ಬ ನಂಜಮ್ಮ ಇದ್ದಾರೆ ಎಂದದ್ದಕ್ಕೆ ನಕ್ಕರು. ಪಿಲಾರ್ ಕೊಟ್ಟ ಬಾಟಲಿ ತೆರೆದಾಗ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ತೆಂಗಿನ ಪಾತಿಗೆ ಉಗಿದು, "ನೇರಳೆ," ಎಂದರು. ನನ್ನ ಚೀಟಿಯ ಭಾಗಕ್ಕೆ ಬಂದಾಗ ಕೈಯಲ್ಲಿದ್ದ ಅಡಿಕೆ ಕತ್ತರಿ ನಿಂತಿತು.

"ಯಾರ್ಗೂ ತೆರೀಲಿಲ್ಲ. ಆದ್ರೂ ನೀನೇ ಸೊಲ್ಲಿಬಿಟ್ಯಾ?"

"ಹೂಂ ಅತ್ತೆ."

"ನಿನ್ನ ತಪ್ಪೂಂತಾನೂ?"

"ಹೂಂ."

ಅವರು ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದರು. ಇಷ್ಟು ವರ್ಷದಲ್ಲಿ ಅವರಿಂದ ಒಂದು ಶಹಬ್ಬಾಸ್ ಕೇಳಿದವಳಲ್ಲ, ಈಗಲೂ ನಿರೀಕ್ಷಿಸಿರಲಿಲ್ಲ.

ಅಷ್ಟರಲ್ಲಿ ಮೈದುನ ತೋಟದಿಂದ ಬಂದ. ನಾನಿಲ್ಲದಾಗ ಕೆಳಗಿನ ಹೊಲದಲ್ಲಿ ಬೋರು ಕೊರೆಸಿದ್ದರು. ಆವತ್ತು ಬೆಳಗ್ಗೆ ತಿಳಿನೀರು ಬಂದಿತ್ತು. ಅವನ ಹಿಂದೆ ಓರಗಿತ್ತಿ, ಮಕ್ಕಳು, ಬೋರಿನವರು. ಎಂದಿನಂತೆ ಚೊಂಬನ್ನು ಅಮ್ಮನ ಮುಂದೆ ಹಿಡಿದ.

ಅತ್ತೆ ಕೈ ಚಾಚಲಿಲ್ಲ. ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡು, "ನನ್ನ ವಾಯಲ್ಲಿ ಪಾಕ್ಕು ಇದೆ," ಎಂದರು. "ಅಮ್ಮಣಿ ಕೈಗೆ ಕೊಡು."

ಮೈದುನ ಒಂದು ಕ್ಷಣ ಅವರನ್ನೂ ನನ್ನನ್ನೂ ನೋಡಿದ. ಆಮೇಲೆ ಚೊಂಬು ನನ್ನ ಕೈಗೆ ಬಂತು. ಅದು ನಾನಂದುಕೊಂಡದ್ದಕ್ಕಿಂತ ಭಾರವಿತ್ತು. ಮೇಲೆತ್ತಿ ಬಾಯಿಗೆ ಸುರಿದುಕೊಂಡೆ. ಕಣ್ಣು ಮುಚ್ಚಿ ಕೆನ್ನೆಯೊಳಗೆ ಒಂದು ಸುತ್ತು ತಿರುಗಿಸಿದೆ. ಮೊದಲು ಕಲ್ಲಿನ ತಂಪು. ನಡುವೆ ಏನೂ ಇಲ್ಲ. ಉಪ್ಪಿಗಾಗಿ ಕಾದೆ, ಕೊನೆಯವರೆಗೂ ಕಾದೆ, ಅದು ಬರಲಿಲ್ಲ. ಕಣ್ಣು ಬಿಟ್ಟರೆ ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು, ಅತ್ತೆಯೂ.

ನುಂಗಿದೆ.